ಮೇಲ್ ಬರುತ್ತದೆ, ಹೋಗುವುದಿಲ್ಲ

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮೇಲ್ ಕಳಿಸುವ, ತೆಗೆದುಕೊಳ್ಳುವ ಪೋಸ್ಟ್‌ಫಿಕ್ಸ್, ಬಂದ ಮೇಲನ್ನು ಇಟ್ಟುಕೊಂಡು ಓದಲು ಕೊಡುವ ಡವ್‌ಕಾಟ್ ಕೂರಿಸಿ, ನಮ್ಮದೇ ಡೊಮೈನ್‌ನಲ್ಲಿ ಮೇಲ್ ಶುರು ಮಾಡಿದೆ. ಹೊರಗಿನ ಮೇಲ್ ಬರುತ್ತದೆ. ನಾವು ಕಳಿಸಿದ ಬಿಲ್‌ಗಳು ಮಾತ್ರ ಜಿಮೇಲ್ ಇಟ್ಟುಕೊಂಡ ವ್ಯಾಪಾರಿಗಳಿಗೆ ತಲುಪದೆ 5 ದಿನಕ್ಕೆ ವಾಪಸ್ ಬರುತ್ತವೆ. ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಅಂತಿದೆ. ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇದೆ. ಎರಡು ಸಲ ಎಲ್ಲ ಅಳಿಸಿ ಮತ್ತೆ ಹಾಕಿ ನೋಡಿದೆ.
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಮೂರನೇ ಸಲ ಅಳಿಸಬೇಡಿ. ತಪ್ಪು ನಿಮ್ಮ ಪೋಸ್ಟ್‌ಫಿಕ್ಸ್‌ನಲ್ಲಿ ಇದ್ದಂತಿಲ್ಲ.

ಜಿಮೇಲ್ ನಿಮ್ಮ ಮೇಲನ್ನು ಬೇಡ ಅಂದಿದ್ದರೆ 550 ಎಂಬ ನಂಬರಿನ ಜೊತೆ ಕಾರಣವನ್ನೂ ಬರೆದು ಕಳಿಸುತ್ತಿತ್ತು. ಟೈಮ್ಡ್ ಔಟ್ ಅಂದರೆ ಆ ಕಡೆಯಿಂದ ಉತ್ತರವೇ ಬಂದಿಲ್ಲ, ಅಂದರೆ ಮೇಲ್ ಅವರ ಬಾಗಿಲವರೆಗೂ ಹೋಗಿಲ್ಲ. ಸರ್ವರ್‌ನಿಂದಲೇ ಬೇರೆ ಬೇರೆ ಕಂಪನಿಗಳ ಮೇಲ್ ಸರ್ವರ್‌ಗಳ 25ನೇ ಪೋರ್ಟ್‌ಗೆ, ಅಂದರೆ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ ಬಾಗಿಲಿಗೆ, ‘ಟೆಲ್‌ನೆಟ್’ ಕಮಾಂಡ್‌ನಿಂದ ಸಂಪರ್ಕ ಮಾಡಿ ನೋಡಿ. ಎಲ್ಲವೂ ಸುಮ್ಮನಿದ್ದರೆ, ಹೊರಗೆ ಹೋಗುವ 25ನೇ ಪೋರ್ಟನ್ನು ಬ್ರಾಡ್‌ಬ್ಯಾಂಡ್‌ನವರು ಮುಚ್ಚಿದ್ದಾರೆ ಅಂತ ಬಹುತೇಕ ಖಾತ್ರಿ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಸ್ಪ್ಯಾಮ್ ಸುರಿಯದಿರಲಿ ಅಂತ ತುಂಬ ಕಡೆ ಹೀಗೆ ಮಾಡುತ್ತಾರೆ. ಒಳಗೆ ಬರುವ ದಾರಿ ತೆರೆದಿದೆ, ಅದಕ್ಕೇ ನಿಮಗೆ ಮೇಲ್ ಬರುತ್ತಿದೆ.

ಬ್ರಾಡ್‌ಬ್ಯಾಂಡ್‌ನವರನ್ನು ಕೇಳಿ ಪೋರ್ಟ್ ತೆಗೆಸಬಹುದು, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಪ್ರತಿ ಐಪಿಗೂ ಸರಿಯಾದ ಪಿಟಿಆರ್ ರೆಕಾರ್ಡ್ (ಆ ಐಪಿ ಯಾವ ಹೆಸರಿನದು ಅಂತ ಹೇಳುವ ದಾಖಲೆ) ಇರಲೇಬೇಕು ಅನ್ನುತ್ತದೆ. ಅದನ್ನು ಹಾಕುವುದು ಐಪಿ ಯಾರದ್ದೋ ಅವರ, ಅಂದರೆ ಬ್ರಾಡ್‌ಬ್ಯಾಂಡ್‌ನವರ ಕೈಯಲ್ಲಿದೆ. ಡೊಮೈನ್ ಕೊಂಡ ಕಡೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಇಲ್ಲೇ ಜನ ಜಾಸ್ತಿ ದಿನ ಕಳೆಯುವುದು. ಜೊತೆಗೆ ಬ್ರಾಡ್‌ಬ್ಯಾಂಡ್ ಐಪಿಗಳು ಸ್ಪ್ಯಾಮ್ ತಡೆಯುವ ಸಂಸ್ಥೆ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿಯಲ್ಲಿ (ನೇರವಾಗಿ ಮೇಲ್ ಕಳಿಸಬಾರದ ಐಪಿಗಳ ಪಟ್ಟಿ) ಇರುವುದು ಮಾಮೂಲು. ಹಾಗಿದ್ದರೆ ಎಷ್ಟೋ ಸರ್ವರ್‌ಗಳು ನಿಮ್ಮ ಮೇಲ್ ತೆಗೆದುಕೊಳ್ಳುವುದೇ ಇಲ್ಲ.

ನನ್ನ ಮಾತು ಕೇಳುವುದಾದರೆ, ಮೇಲ್ ಬರುವುದನ್ನೂ ಉಳಿಸಿಡುವುದನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ, ಕಳಿಸುವ ಕೆಲಸ ಮಾತ್ರ ಒಂದು ರಿಲೇ ಸೇವೆಗೆ, ಅಂದರೆ ನಿಮ್ಮ ಮೇಲನ್ನು ತೆಗೆದುಕೊಂಡು ಮುಂದೆ ತಲುಪಿಸುವವರಿಗೆ ಬಿಡಿ. ಪೋಸ್ಟ್‌ಫಿಕ್ಸ್‌ನ ‘ರಿಲೇಹೋಸ್ಟ್’ ಸಾಲಿನಲ್ಲಿ ಅವರ ಸರ್ವರ್ ಹೆಸರನ್ನು ಚೌಕ ಆವರಣದೊಳಗೆ ಬರೆದು, ಮುಂದೆ ಕೋಲನ್ ಹಾಕಿ 587 ಅಂತ ಕೊಡಿ. ಅವರು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಮಾಡುವ ಗೂಢಲಿಪಿ) ಕಡ್ಡಾಯ ಮಾಡಿ. ಆಮೇಲೆ ಡೊಮೈನ್‌ನ ಎಸ್‌ಪಿಎಫ್ ರೆಕಾರ್ಡ್‌ನಲ್ಲಿ (ನಿಮ್ಮ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ರಿಲೇಯವರ ಹೆಸರು ಸೇರಿಸಿ. ಹಳೆಯದನ್ನೇ ತಿದ್ದಬೇಕು, ಎರಡನೆಯದು ಹಾಕಿದರೆ ಎರಡೂ ಕೆಡುತ್ತವೆ. ಮೇಲ್‌ಗೆ ಹಾಕುವ ಡಿಜಿಟಲ್ ಸಹಿ ಡಿಕಿಮ್ಮನ್ನೂ ಬಿಡಬೇಡಿ. ಅದಿದ್ದರೆ ಯಾರಾದರೂ ನಿಮ್ಮ ಬಿಲ್ಲನ್ನು ಮುಂದಕ್ಕೆ ಫಾರ್ವರ್ಡ್ ಮಾಡಿದಾಗಲೂ ಅದು ನಿಮ್ಮದೇ ಅಂತ ಸಾಮಾನ್ಯವಾಗಿ ಗುರುತು ಸಿಗುತ್ತದೆ.

ಕರೆಂಟ್ ಹೋದರೆ ಬರುವ ಮೇಲ್ ಕಳೆದೀತು ಅನ್ನುವ ಭಯ ಬೇಡ. ನಿಮ್ಮ ಪೋಸ್ಟ್‌ಫಿಕ್ಸ್ 5 ದಿನ ಕಾದ ಹಾಗೆ ಕಳಿಸುವ ಸರ್ವರ್‌ಗಳೂ ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ.

ರಿಲೇ ಹಾಕಿದ ತಕ್ಷಣ ಕ್ಯೂ (ಹೋಗದೆ ಕಾಯುತ್ತಿರುವ ಮೇಲ್‌ಗಳ ಸಾಲು) ತಳ್ಳಬೇಡಿ. ಮೊದಲು ‘ಮೇಲ್‌ಕ್ಯೂ’ ಕಮಾಂಡ್ ಕೊಟ್ಟು ಒಳಗೆ ಏನೇನಿದೆ ನೋಡಿ. ಒಂದೇ ಬಿಲ್ಲನ್ನು ಮೂರು ನಾಲ್ಕು ಸಲ ಕಳಿಸಿರುತ್ತೀರಿ ಅಲ್ವಾ, ಬೇಡದ್ದನ್ನು ‘ಪೋಸ್ಟ್‌ಸೂಪರ್’ ಕಮಾಂಡ್‌ನಿಂದ ತೆಗೆದು, ಉಳಿದದ್ದನ್ನು ಕಳಿಸಿ.