ಮೂವರೇ ಇರುವ ತಂಡಕ್ಕೆ ಯಾವ ಹೊಸ ಕಿರುನಾಟಕ, ಏಕವ್ಯಕ್ತಿ ನಾಟಕ ಆರಿಸಬಹುದು?

ತಂಡದಲ್ಲಿರೋದು ಮೂವರು, ಒಬ್ಬರಿಗಷ್ಟೇ ರಂಗದ ಅನುಭವ, ಸೆಟ್ ಹಾಕೋಕೆ ಏನೂ ಇಲ್ಲ, ಮಾಡಿ ಮಾಡಿ ಸವೆದ ನಾಟಕ ಬೇಡ ಅಂತ ಬರೆದಿದ್ದೀರಿ. ಇಂಥದ್ದೇ ಸಣ್ಣ ತಂಡಕ್ಕೆ ತಾಲೀಮು ಮಾಡಿಸ್ತಾ ಬಂದವನು ನಾನು. ಮಾಡಿ ನೋಡಿದ್ದು, ಓದಿ ಆಸೆಪಟ್ಟಿದ್ದು ಎರಡನ್ನೂ ಸೇರಿಸಿ ಹೇಳ್ತೀನಿ.

ಏಕವ್ಯಕ್ತಿ ಅಂದ್ರೆ ಉದ್ದುದ್ದ ಮಾತು ಬಾಯಿಪಾಠ ಮಾಡಿ ಕತ್ತಲೆಗೆ ಒಪ್ಪಿಸೋದು ಅಂದ್ಕೋಬೇಡಿ. ಸ್ಕ್ರಿಪ್ಟ್ ಕೈಗೆ ಬಂದಾಗ ನಾನು ಮೊದಲು ಹುಡುಕೋದು, ಈ ಪಾತ್ರ ಯಾರ ಹತ್ತಿರ ಮಾತಾಡ್ತಿದೆ, ಆ ಇನ್ನೊಬ್ಬರಿಗೆ ಈ ಮಾತನ್ನು ತಡೆಯೋ ಶಕ್ತಿ ಇದೆಯಾ ಅಂತ. ತಡೆಯೋರೇ ಇಲ್ಲದಿದ್ರೆ ಹತ್ತನೇ ನಿಮಿಷಕ್ಕೆ ನಟಿಗೂ ಬೇಜಾರು, ನೋಡೋರಿಗೂ ಬೇಜಾರು.

ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ನಾಯಕಿಯ ಮಾತನ್ನು ತಡೆಯೋದು ಅವಳದೇ ಬಿಂಬ. 2005ರಲ್ಲಿ ರಂಗಕ್ಕೆ ಬಂದದ್ದು, ಹೊಸದು ಅನ್ನೋಕೆ ಸ್ವಲ್ಪ ಸಂಕೋಚ, ಆದರೂ ಬಿಡೋಕೆ ಮನಸ್ಸಿಲ್ಲ. ಲೇಖಕಿಯೊಬ್ಬಳು ಟೀವಿ ಸ್ಟುಡಿಯೋದಲ್ಲಿ ಮಾತು ಮುಗಿಸಿ ಹೊರಡೋ ಹೊತ್ತಿಗೆ ಪರದೆ ಮೇಲಿನ ಅವಳ ಬಿಂಬ ಅವಳನ್ನೇ ಕೆದಕೋಕೆ ಶುರುಮಾಡುತ್ತೆ. ಒಬ್ಬ ನಟಿ, ಒಂದು ಪರದೆ, ಇಷ್ಟೇ ತಾನೆ ಅನಿಸುತ್ತೆ. ಆದ್ರೆ ಬಿಂಬದ ಮಾತು ಮೊದಲೇ ರೆಕಾರ್ಡ್ ಆಗಿರುತ್ತಲ್ಲ, ಜನ ನಕ್ಕರೆ ನಟಿ ಕಾಯಬಹುದು, ಬಿಂಬ ಕಾಯಲ್ಲ. ಅದರ ಒಂದು ತುಣುಕನ್ನು ನಾವು ತಾಲೀಮಿಗೆ ತಗೊಂಡಾಗ ಅವಳ ಉತ್ತರಕ್ಕೆ ನಾಲ್ಕು ಸೆಕೆಂಡು ಬಿಟ್ಟು ಶೂಟ್ ಮಾಡಿದ್ವಿ. ಅವಳು ಕುರ್ಚಿಯಿಂದೆದ್ದು ತಿರುಗಿ ಉತ್ತರ ಹೇಳೋಕೆ ಏಳು ಸೆಕೆಂಡು ಬೇಕಾಯ್ತು. ಬಿಂಬ ಅವಳ ಮಾತಿನ ಮೇಲೇ ಮಾತು ಹೇರಿತು. ಪೂರ್ತಿ ಮತ್ತೆ ಶೂಟ್. ನಡಿಗೆ, ತಿರುವು ಎಲ್ಲ ಗಟ್ಟಿಯಾಗೋವರೆಗೂ ಕ್ಯಾಮೆರಾ ಮುಟ್ಟಬೇಡಿ.

ಅನುಭವ ಇರೋ ಆ ಒಬ್ಬರಿಗೆ ಡಂಕನ್ ಮ್ಯಾಕ್‌ಮಿಲನ್ ಅವರ 'ಎವ್ರಿ ಬ್ರಿಲಿಯಂಟ್ ಥಿಂಗ್' (2013) ಸೂಕ್ತ. ತಾಯಿ ಸಾಯೋಕೆ ಹೊರಟಿದ್ದಾಳೆ ಅಂತ ಗೊತ್ತಾದ ಮಗು, ಬದುಕೋಕೆ ಕಾರಣಗಳ ಪಟ್ಟಿ ಬರೀತಾ ಹೋಗುತ್ತೆ. ಪ್ರದರ್ಶನಕ್ಕೆ ಮೊದಲು ನಟನೇ ಜನರ ಮಧ್ಯೆ ಓಡಾಡಿ ಆ ಪಟ್ಟಿಯ ಕಾರಣಗಳನ್ನು ಬರೆದ ಚೀಟಿ ಹಂಚ್ತಾನೆ. ಆಮೇಲೆ ಅವನು ಸಂಖ್ಯೆ ಕೂಗಿದರೆ ಚೀಟಿ ಇರೋರು ಅದರಲ್ಲಿರೋದನ್ನ ಓದಬೇಕು. ಇಲ್ಲಿ ತಡೆಯೋರು ಪ್ರೇಕ್ಷಕರೇ. ನಮ್ಮ ತಾಲೀಮಿಗೆ ಬಂದಿದ್ದ ಹಿರಿಯರೊಬ್ಬರ ಕನ್ನಡಕ ಮನೆಯಲ್ಲೇ ಉಳಿದಿತ್ತು. ಚೀಟಿಯನ್ನ ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ಮಡಚಿ ಜೇಬಿಗಿಟ್ಟು "ಬೆಳಿಗ್ಗೆ ಮೊದಲು ಪೇಪರ್ ನನ್ನ ಕೈಗೇ ಸಿಗೋದು" ಅಂದುಬಿಟ್ಟರು. ನಮ್ಮ ಹುಡುಗ ಒಂದು ಕ್ಷಣ ತಬ್ಬಿಬ್ಬಾದ, ಆಮೇಲೆ ಅದನ್ನೂ ಪಟ್ಟಿಗೆ ಸೇರಿಸಿಕೊಂಡು ಮುಂದೆ ಹೋದ. ಆ ಸಂಜೆ ಅವನು ಅಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದು ಆ ಒಂದು ಸಲವೇ. ಅಂದ ಹಾಗೆ, ಅಕ್ಷರ ದಪ್ಪಗಿರಲಿ. ಆತ್ಮಹತ್ಯೆಯ ವಿಷಯ ಇದೆ ಅಂತ ಬಾಗಿಲಲ್ಲೇ ತಿಳಿಸಿ.

ಇರಾನಿನ ನಸೀಮ್ ಸುಲೈಮಾನ್‌ಪೂರ್ ಬರೆದ 'ವೈಟ್ ರ‍್ಯಾಬಿಟ್ ರೆಡ್ ರ‍್ಯಾಬಿಟ್' ಕೂಡ ನೋಡಿ. ತಾಲೀಮಿಲ್ಲ, ನಿರ್ದೇಶಕರಿಲ್ಲ. ನಟರು ವೇದಿಕೆ ಮೇಲೆ ಲಕೋಟೆ ಒಡೆದು ಮೊದಲ ಸಲ ಓದ್ತಾರೆ, ಒಬ್ಬರು ಒಂದೇ ಸಲ ಮಾಡಬಹುದು. ನಿಮ್ಮಲ್ಲಿ ಯಾರು ಮಾಡಬೇಕು ಅಂತಿದ್ದೀರೋ ಅವರು ಅದರ ಬಗ್ಗೆ ಏನೂ ಓದಬಾರದು. ನಾನು ಇಷ್ಟಕ್ಕೇ ನಿಲ್ಲಿಸ್ತೀನಿ.

ಮೂವರೂ ಒಟ್ಟಿಗೆ ಮಾಡೋಕೆ ಕ್ಯಾರಿಲ್ ಚರ್ಚಿಲ್ ಅವರ 'ಲವ್ ಆ್ಯಂಡ್ ಇನ್ಫರ್ಮೇಷನ್' (2012). ಐವತ್ತಕ್ಕೂ ಹೆಚ್ಚು ಪುಟ್ಟ ದೃಶ್ಯಗಳು, ಯಾವ ಮಾತು ಯಾರದ್ದು ಅಂತ ಸ್ಕ್ರಿಪ್ಟಿನಲ್ಲಿ ಹೆಸರೇ ಹಾಕಿಲ್ಲ. ಅನುವಾದಕ್ಕೆ ಕೂತರೆ ಇದರ ತಮಾಷೆ ಗೊತ್ತಾಗೋದು: ಇಂಗ್ಲಿಷಿನಲ್ಲಿ ಇಬ್ಬರ ಸಂಬಂಧ ಏನು ಅನ್ನೋದನ್ನ ಮುಚ್ಚಿಡಬಹುದು, ಕನ್ನಡದಲ್ಲಿ ಮೊದಲ ಸಾಲಿಗೇ 'ನೀನು'ನಾ 'ನೀವು'ನಾ ಅಂತ ಬಾಯಿಬಿಡಬೇಕು. ಒಂದೇ ದೃಶ್ಯವನ್ನ ಎರಡೂ ರೀತಿ ಓದಿ ನೋಡಿ, ಅಮ್ಮ-ಮಗ ಇದ್ದವರು ಬಾಸ್ ಮತ್ತು ಗುಮಾಸ್ತ ಆಗಿಬಿಡ್ತಾರೆ. ಇನ್ನೂ ಚಿಕ್ಕದು ಬೇಕಿದ್ರೆ ಸೂಜನ್-ಲೋರಿ ಪಾರ್ಕ್ಸ್ 2002ರ ನವೆಂಬರಿನಿಂದ ದಿನಕ್ಕೊಂದರಂತೆ ವರ್ಷವಿಡೀ ಬರೆದ 365 ನಾಟಕಗಳಿವೆ, ಕೆಲವು ಒಂದು ಪುಟವೂ ಇಲ್ಲ. ಎಲ್ಲವೂ ಚೆನ್ನಾಗಿಲ್ಲ, ಹೆಕ್ಕಬೇಕು.

ಬಹುತೇಕ ಇವೆಲ್ಲ ಬದುಕಿರೋ ಲೇಖಕರ ಕೃತಿಗಳು, ಕಾರ್ನಾಡರದ್ದಕ್ಕೂ ಹಕ್ಕುದಾರರಿದ್ದಾರೆ. ಉಚಿತ ಪ್ರದರ್ಶನಕ್ಕೆ ಅನುಮತಿ ಬೇಡ ಅಂತ ನಂಬಿ ಕೂರಬೇಡಿ. ಅನುವಾದಕ್ಕೆ ಬೇರೆ, ಪ್ರದರ್ಶನಕ್ಕೆ ಬೇರೆ ಕೇಳಬೇಕು, ಕೆಲವೇ ದೃಶ್ಯ ಆರಿಸಿಕೊಳ್ಳೋದಿದ್ರೆ ಅದನ್ನೂ ಕೇಳಬೇಕು. ಪುಸ್ತಕದ ಮೊದಲ ಪುಟಗಳಲ್ಲೇ ಯಾರಿಗೆ ಬರೀಬೇಕು ಅಂತ ಇರುತ್ತೆ. ಉತ್ತರ ತಡವಾಗಬಹುದು, ಹಾಗಾಗಿ ದಿನಾಂಕ ಘೋಷಿಸೋಕೆ ಮುಂಚೆ ಬರೀರಿ. ಅಲ್ಲಿಯವರೆಗೆ ಚರ್ಚಿಲ್ ದೃಶ್ಯಗಳನ್ನ ಮೂವರೂ ಮಾತು ಅದಲುಬದಲು ಮಾಡ್ಕೊಂಡು ಓದ್ತಾ ಇರಿ.