ಪಾರ್ಶ್ವವಾಯು ಆದವರ ಚೆನ್ನಾಗಿರುವ ಕೈಗೇ ಗವಸು ಹಾಕಿ ನಿರ್ಬಂಧಿಸುವುದೇಕೆ?

ಸೋತ ಕೈಯನ್ನು ಬಳಸಲೇಬೇಕಾಗಲಿ ಎಂದು. ಪಾರ್ಶ್ವವಾಯುವಾದ ಹೊಸದರಲ್ಲಿ ಆ ಕೈಯಿಂದ ಏನು ಮಾಡಹೋದರೂ ಆಗುವುದಿಲ್ಲ, ಇನ್ನೊಂದು ಕೈಯಲ್ಲಿ ಎಲ್ಲವೂ ಸಲೀಸು. ಹೀಗಾಗಿ ಅದನ್ನು ಬಳಸದಿರುವುದನ್ನೇ ಮಿದುಳು ರೂಢಿ ಮಾಡಿಕೊಳ್ಳುತ್ತದೆ. ಮುಂದೆ ಕೈಗೆ ಸ್ವಲ್ಪ ಶಕ್ತಿ ಮರಳಿದರೂ ಆ ರೂಢಿ ಹೋಗುವುದಿಲ್ಲ. ಕೋತಿಗಳಲ್ಲಿ ಇದನ್ನು ಗಮನಿಸಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್, ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಈ ಚಿಕಿತ್ಸೆಯನ್ನು ಬೆಳೆಸಿದರು. 2006ರಲ್ಲಿ ಪ್ರಕಟವಾದ, 222 ರೋಗಿಗಳ ಅಧ್ಯಯನದಲ್ಲಿ ಎರಡು ವಾರದ ಚಿಕಿತ್ಸೆಯ ಫಲ ವರ್ಷದ ಬಳಿಕವೂ ಉಳಿದಿತ್ತು.

ಗವಸಿಗಿಂತ, ಜೊತೆಗೆ ಸೋತ ಕೈಯಿಂದ ಮಾಡಿಸುವ ಗಂಟೆಗಟ್ಟಲೆ ಅಭ್ಯಾಸವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಆಡುವವರಿಗಷ್ಟೇ ಇದು ಹೊಂದುತ್ತದೆ. ದಯವಿಟ್ಟು ಮನೆಯಲ್ಲಿ ನೀವಾಗಿಯೇ ಕೈ ಕಟ್ಟಬೇಡಿ, ರೋಗಿ ಆಯತಪ್ಪಿ ಬೀಳಬಹುದು. ಮೊದಲು ಫಿಸಿಯೋಥೆರಪಿಸ್ಟ್ ಪರೀಕ್ಷಿಸಲಿ.