ಧೋಢಪಷ್ಷಿ ಆಬೆ ಇಪೆ: ಗುಟ್ಟಿನ ಲಿಪಿಯಿಂದ ಯೋಚನೆ ಕಲಿಸೋದು ಹೇಗೆ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ನನ್ನ ಎಂಟನೇ ತರಗತಿ ಮಕ್ಕಳು ಬುದ್ಧಿವಂತರೇ. ಆದರೆ ಪ್ರಶ್ನೆ ಕೇಳಿದ ತಕ್ಷಣ ನನ್ನ ಮುಖ ನೋಡುತ್ತಾರೆ, ಉತ್ತರ ಸರಿಯಾ ತಪ್ಪಾ ಅಂತ. ತಾವೇ ಪರೀಕ್ಷಿಸಿ ನೋಡುವ ಅಭ್ಯಾಸ ಇಲ್ಲ. ಗುಟ್ಟಿನ ಲಿಪಿ, ಗೂಢಚಾರರ ಕಥೆಗಳ ಮೂಲಕ ವಿಮರ್ಶೆಯ ಬುದ್ಧಿ ಬೆಳೆಸಬಹುದು ಎಂದು ಕೇಳಿದೆ. ಸಿಕ್ಕ ಉದಾಹರಣೆಗಳೆಲ್ಲ ಇಂಗ್ಲಿಷ್ ಅಕ್ಷರದ್ದು. ಕಕ್ಕಡದ ಮಳೆಯಲ್ಲಿ ಇಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕರೆಂಟ್ ಬೇಡ ಮೇಡಂ, ಸೀಮೆಸುಣ್ಣ ಸಾಕು. ನಾಳೆ ಕ್ಲಾಸಿಗೆ ಹೋಗಿ ಏನೂ ಮಾತಾಡದೆ ಬೋರ್ಡಿನ ಮೇಲೆ ಇದನ್ನು ಬರೆಯಿರಿ:

ಧೋಢಪಷ್ಷಿ ಆಬೆ ಇಪೆ

ಮೊದಲು ನಗುತ್ತಾರೆ. ನಗಲಿ. ಆಮೇಲೆ ಇಷ್ಟು ಮಾತ್ರ ಹೇಳಿ: ಕ ದಿಂದ ಳ ವರೆಗಿನ 34 ವ್ಯಂಜನಗಳನ್ನು ಸಾಲಾಗಿ ಬರೆದು, ಪ್ರತಿ ವ್ಯಂಜನವನ್ನೂ ಒಂದಿಷ್ಟು ಮನೆ ಮುಂದೆ ಸರಿಸಿದ್ದೇನೆ. ಎಷ್ಟು ಮನೆ ಅಂತ ಹೇಳೋದಿಲ್ಲ. ಸ್ವರ, ಕಾಗುಣಿತದ ಗುರುತು ಮುಟ್ಟಿಲ್ಲ. ಒತ್ತಕ್ಷರ ಇದ್ದರೆ ಒತ್ತೂ ಸರಿದಿದೆ. ಳ ದಾಟಿದರೆ ಮತ್ತೆ ಕ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಜೂಲಿಯಸ್ ಸೀಸರ್ ತನ್ನ ಪತ್ರಗಳಲ್ಲಿ ಮಾಡುತ್ತಿದ್ದದ್ದು ಇದೇ ಆಟ. ಅವನು ಸರಿಸುತ್ತಿದ್ದದ್ದು ಮೂರು ಅಕ್ಷರ.

ಇನ್ನು ಮಕ್ಕಳು ಏನು ಮಾಡುತ್ತಾರೆ ನೋಡಿ. ಯಾರಾದರೂ ಒಬ್ಬರು ಚಿಕ್ಕ ಪದ ಹಿಡಿಯುತ್ತಾರೆ. ಇ ಯಲ್ಲಿ ಶುರುವಾಗಿ ಎ ಕಾರದಲ್ಲಿ ಮುಗಿಯುವ ಎರಡಕ್ಷರ. 'ಇವೆ' ಅಂತ ಒಬ್ಬ ಕೂಗಿದ ಅಂದುಕೊಳ್ಳಿ. ಬೇಡ ಅನ್ನಬೇಡಿ. ತಲೆಯಾಡಿಸಲೂ ಬೇಡಿ. ಇಡೀ ಪಾಠ ಇರೋದು ಇಲ್ಲೇ.

'ಪ' ಎಂದರೆ 'ವ' ಆದರೆ, ಪ್ರತಿ ಅಕ್ಷರವನ್ನೂ ಎಂಟು ಮನೆ ಮುಂದೆ ಎಣಿಸಿ ಓದಬೇಕು. ಹಾಗೆ ನೋಡಿದರೆ 'ಆಬೆ' ಎನ್ನುವುದು 'ಆಷೆ' ಆಗುತ್ತದೆ. ಹುಡುಗ ಹಿಗ್ಗುತ್ತಾನೆ. "ಆಶೆ! ಟೀಚರ್ ಶ ಬದಲು ಷ ಬರೆದಿದ್ದಾರೆ ಅಷ್ಟೇ!" ಈ ಕ್ಷಣಕ್ಕಾಗಿಯೇ ನಾನು ಈ ವಾಕ್ಯ ಆರಿಸಿಕೊಂಡದ್ದು. ತನ್ನ ಊಹೆ ಉಳಿಸಿಕೊಳ್ಳಲು ಅವನು ಸಾಕ್ಷಿಯನ್ನೇ ತಿದ್ದುತ್ತಿದ್ದಾನೆ. ನಾವು ದೊಡ್ಡವರೂ ದಿನಾ ಇದನ್ನೇ ಮಾಡುತ್ತೇವೆ, ಅಲ್ವಾ?

ಆಗ ಒಂದೇ ಪ್ರಶ್ನೆ ಕೇಳಿ. "ನಿನ್ನ ಊಹೆ ತಪ್ಪಾಗಿದ್ದರೆ ಅದು ಎಲ್ಲಿ ಗೊತ್ತಾಗುತ್ತದೆ?" ಅವನೇ ಮೊದಲ ಪದಕ್ಕೆ ಹೋಗುತ್ತಾನೆ. ಎಂಟೆಂಟು ಮನೆ ಎಣಿಸುತ್ತಾನೆ. 'ರೋಫವಙ್ಙಿ' ಬರುತ್ತದೆ. ಅದನ್ನು ಕಾಗುಣಿತ ತಪ್ಪು ಅಂತ ಒಪ್ಪಿಸಲು ಯಾವ ವಕೀಲನಿಂದಲೂ ಆಗುವುದಿಲ್ಲ. ಊಹೆ ಬಿತ್ತು. ಬೀಳಿಸಿದವನು ಅವನೇ, ನೀವಲ್ಲ. ಆಮೇಲೆ ಯಾರೋ 'ಇದೆ' ಅನ್ನುತ್ತಾರೆ. ಮೂರು ಮನೆ ಹಿಂದೆ. 'ಆಬೆ' ಹೋಗಿ 'ಆನೆ' ಬಂತು. ಅಷ್ಟಕ್ಕೇ ಕುಣಿಯಲು ಬಿಡಬೇಡಿ. ಮೊದಲ ಪದ ಒಪ್ಪುತ್ತದಾ? ತೋಟದಲ್ಲಿ. ತೋಟದಲ್ಲಿ ಆನೆ ಇದೆ. ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ತುರ್ತಿನ ಸಂದೇಶ ಇನ್ನೇನಿದೆ!

ಎರಡನೇ ದಿನ ಉದ್ದದ ಸಂದೇಶ ಕೊಡಿ. ದಿನಪತ್ರಿಕೆಯ ಹತ್ತು ಸಾಲು ಸಾಕು, ಹಿಂದಿನ ರಾತ್ರಿ ಕೂತು ಬರೆದುಕೊಳ್ಳಬೇಕು, ಅದೊಂದು ಕಷ್ಟ. ಮಕ್ಕಳಿಗೆ ಎಣಿಸೋದಕ್ಕೆ ಹೇಳಿ: ಪದಗಳ ಕೊನೆಯಲ್ಲಿ ಯಾವುದು ಜಾಸ್ತಿ ಬರುತ್ತದೆ? ಮೂರು ಮನೆ ಸರಿಸಿದ್ದರೆ 'ಷ್ಷಿ' ಮತ್ತು 'ಬ್ಬು' ಮತ್ತೆ ಮತ್ತೆ ಕಾಣುತ್ತವೆ. ಒಂದು 'ಲ್ಲಿ', ಇನ್ನೊಂದು 'ನ್ನು'. ಕನ್ನಡದ ವಿಭಕ್ತಿ ಪ್ರತ್ಯಯಗಳು ಗುಟ್ಟು ಬಿಟ್ಟುಕೊಡುತ್ತವೆ. ವ್ಯಾಕರಣದ ಪೀರಿಯಡ್‌ನಲ್ಲಿ ಆಕಳಿಸುವ ಮಕ್ಕಳು ಸಪ್ತಮಿ ವಿಭಕ್ತಿಯನ್ನು ಬೇಟೆಯಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೀಗೆ ಅಕ್ಷರ ಎಣಿಸಿ ಲಿಪಿ ಒಡೆಯುವ ವಿಧಾನವನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ಬರೆದಿಟ್ಟಿದ್ದ. ಇಂಗ್ಲಿಷ್‌ನಲ್ಲಿ ಒಂಟಿ ಅಕ್ಷರ ಎಣಿಸುತ್ತಾರೆ. ಕನ್ನಡಕ್ಕೆ ಪದದ ಬಾಲ ಎಣಿಸುವುದೇ ಸುಲಭ.

ಸಾಮಾನು ಅಂದರೆ ಹಳೆ ಮದುವೆ ಕಾರ್ಡುಗಳು. ಒಂದು ದೊಡ್ಡದು, ಒಂದು ಚಿಕ್ಕದು, ಎರಡು ಚಕ್ರ ಕತ್ತರಿಸಿ ನಡುವೆ ಗುಂಡುಪಿನ್ನು ಚುಚ್ಚಿದರೆ ತಿರುಗುವ ಲಿಪಿಚಕ್ರ ರೆಡಿ. 34 ಸಮಭಾಗ ಮಾಡಲು ಗಣಿತದ ಮೇಷ್ಟ್ರನ್ನೂ ಎಳೆದುಕೊಳ್ಳಿ. 360ನ್ನು 34ರಿಂದ ಭಾಗಿಸುವಾಗ ಅವರ ಮುಖ ನೋಡುವ ಹಾಗಿರುತ್ತದೆ.

ಪ್ರಶ್ನೆ: ಗೋಣಿಕೊಪ್ಪದ ಬಳಿ ನಮಗೆ ಸ್ವಲ್ಪ ಕಾಫಿ ತೋಟ ಇದೆ. ಮಗಳ ಶಾಲೆಯಲ್ಲಿ ಈಗ 'ಸ್ಪೈ ಕ್ಲಬ್' ಅಂತ ಶುರು ಮಾಡಿದ್ದಾರೆ. ಗೂಢಚಾರಿಕೆ ಎಂದರೆ ಸುಳ್ಳು, ವೇಷ, ಕದ್ದು ಕೇಳುವುದು. ಮಕ್ಕಳಿಗೆ ಇದು ಬೇಕಾ? ಮನೆಯಲ್ಲಿ ನಮ್ಮಿಂದಲೇ ಗುಟ್ಟು ಮಾಡಲು ಶುರು ಮಾಡಿದರೆ?

ಉತ್ತರ: ನಿಮ್ಮ ಅಳುಕು ಸುಮ್ನೆ ಅಲ್ಲ. ನಾನೇ ಒಮ್ಮೆ ಎಡವಿದ್ದೇನೆ.

ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ 'ಕಾಣೆಯಾದ ಕಂಪಾಸ್ ಪೆಟ್ಟಿಗೆ' ಅಂತ ಪತ್ತೇದಾರಿ ಆಟ ಇಟ್ಟಿದ್ದೆ. ಪೆಟ್ಟಿಗೆ ನನ್ನ ಚೀಲದಲ್ಲೇ ಇತ್ತು. ಆಟ ಅಂತ ಮೊದಲೇ ಹೇಳಿರಲಿಲ್ಲ, ನಿಜ ಅನಿಸಲಿ ಅಂತ. ಸುಳಿವು ಹುಡುಕುವ ಮೊದಲೇ ಇಡೀ ಕ್ಲಾಸು ತಿರುಗಿ ಒಬ್ಬ ಹುಡುಗನನ್ನು ನೋಡಿತು. ತೋಟದ ಕೂಲಿಕಾರರ ಲೈನ್ ಮನೆಯ ಹುಡುಗ. ಅವನು ತಲೆ ಬಗ್ಗಿಸಿ ಕೂತ. ನಾನು ತಕ್ಷಣ ಪೆಟ್ಟಿಗೆ ತೆಗೆದು ತೋರಿಸಿದೆ, ಕ್ಷಮೆ ಕೇಳಿದೆ. ಆದರೂ ಎರಡು ದಿನ ಅವನು ಶಾಲೆಗೆ ಬರಲಿಲ್ಲ. ತಪ್ಪು ಪೂರಾ ನನ್ನದು. ಅಂದಿನಿಂದ ನನ್ನ ಆಟದಲ್ಲಿ ನಿಜವಾದ ಮಕ್ಕಳ ಮೇಲೆ ಸಂಶಯ ಬರುವ ಯಾವ ಕಥೆಯೂ ಇಲ್ಲ. ಆಟ ಅಂತ ಮೊದಲೇ ಹೇಳುತ್ತೇನೆ. ಯಾವ ಸಂಕೇತದ ಕೀಲಿಯನ್ನೂ ಅಪ್ಪ ಅಮ್ಮನಿಂದ ಬಚ್ಚಿಡುವಂತಿಲ್ಲ. ನಿಮ್ಮ ಮಗಳ ಕ್ಲಬ್ಬಿನಲ್ಲಿ ಈ ನಿಯಮಗಳು ಇವೆಯಾ ಎಂದು ಕೇಳಿ. ಇಲ್ಲದಿದ್ದರೆ ಹಾಕಿಸಿ. ಅದು ನಿಮ್ಮ ಹಕ್ಕು.

ಆದರೆ ಗೂಢಚಾರರ ವಿಷಯವನ್ನೇ ಬಿಡುವುದು ಬೇಡ. ಗೂಢಚಾರ ವೇಷ ಹಾಕುವುದು ಹೇಗೆ ಅನ್ನುವುದಕ್ಕಿಂತ, ಅವನು ತಂದ ಸುದ್ದಿಯನ್ನು ರಾಜ ಎಷ್ಟು ನಂಬಬೇಕು ಅನ್ನುವುದು ದೊಡ್ಡ ಪ್ರಶ್ನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ನೇರ ಉತ್ತರ ಇದೆ. ಮೂವರು ಗೂಢಚಾರರು ಒಂದೇ ಮಾತು ಹೇಳಿದರೆ ಮಾತ್ರ ನಂಬು. ಅದರ ಜೊತೆಗೇ ಇನ್ನೊಂದು ಮಾತಿದೆ, ಅದನ್ನು ಜನ ಮರೆಯುತ್ತಾರೆ. ಆ ಗೂಢಚಾರರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಬಾರದು. (ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಗರಿ ಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ನಮ್ಮ ಪಕ್ಕದ ಮೈಸೂರಿನಲ್ಲೇ. 1909ರಲ್ಲಿ ಅಚ್ಚಾಯಿತು.)

ಈ ಎರಡನೇ ಮಾತನ್ನು ನಮ್ಮ ಮೊಬೈಲಿಗೆ ಹಚ್ಚಿ ನೋಡಿ. ಸಂಘದ ಗ್ರೂಪಿನಲ್ಲಿ, ಕುಟುಂಬದ ಗ್ರೂಪಿನಲ್ಲಿ, ಶಾಲೆಯ ಗ್ರೂಪಿನಲ್ಲಿ ಒಂದೇ ಸುದ್ದಿ ಬಂತು. ಮೂರು ಸಾಕ್ಷಿ ಸಿಕ್ಕಿತು ಅನಿಸುತ್ತದೆ. ಆದರೆ ಮೂರೂ ಒಬ್ಬನೇ ಕಳಿಸಿದ್ದು ಫಾರ್ವರ್ಡ್ ಆಗಿ ಬಂದಿರಬಹುದು. ಆಗ ಸಾಕ್ಷಿ ಒಂದೇ, ಬಾಯಿ ಮೂರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ದಿನಗಳಲ್ಲಿ ಮೊಬೈಲಿಗೆ ಬಂದ ಒಂದೊಂದು ಮೆಸೇಜಿಗೂ ಎದೆ ಹೊಡೆದುಕೊಂಡದ್ದು ನಿಮಗೂ ನೆನಪಿರಬೇಕು. ನಿಮ್ಮ ಮಗಳಿಗೆ ಒಂದು ವಾರ ಈ ಕೆಲಸ ಕೊಡಿ. ಊರಿನ ಒಂದು ಸುದ್ದಿ ಹಿಡಿದು, ಅದನ್ನು ಕಣ್ಣಾರೆ ಕಂಡವರು ಎಷ್ಟು ಜನ, ಕೇಳಿ ಹೇಳಿದವರು ಎಷ್ಟು ಜನ ಅಂತ ಬಾಣದ ಗುರುತು ಹಾಕಿ ಚಿತ್ರ ಬರೆಯಲಿ. ಹತ್ತು ಬಾಣ ಹಿಂದಕ್ಕೆ ಹೋಗಿ ಒಂದೇ ಕಾಫಿ ಗಿಡದ ಬುಡಕ್ಕೆ ಸೇರುವುದನ್ನು ಅವಳೇ ಕಾಣುತ್ತಾಳೆ.

ಹೆಣ್ಣುಮಕ್ಕಳಿಗೆ ಹೇಳಬಹುದಾದ ಕಥೆ ಅಂದರೆ ನೂರ್ ಇನಾಯತ್ ಖಾನ್‌ಳದ್ದು. ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್ಸಿಗೆ 1943ರ ಜೂನ್‌ನಲ್ಲಿ ಬ್ರಿಟನ್ ಕಳಿಸಿದ ವೈರ್‌ಲೆಸ್ ಆಪರೇಟರ್. ಟಿಪ್ಪುವಿನ ವಂಶದವಳು ಎಂದು ಕುಟುಂಬದವರು ಹೇಳುತ್ತಿದ್ದರು. ಕೊಡಗಿನ ಕ್ಲಾಸಿನಲ್ಲಿ ಈ ಹೆಸರು ಎತ್ತಿದರೆ ಏನಾಗುತ್ತದೆ ಎಂದು ನನಗೂ ಗೊತ್ತು. ಎತ್ತಿದ್ದೇನೆ, ಗಲಾಟೆಯೂ ಆಗಿದೆ. ಒಬ್ಬಳ ಕೆಲಸವನ್ನು ಅವಳ ಅಜ್ಜನ ಅಜ್ಜನಿಂದ ಅಳೆಯಬೇಕಾ ಅನ್ನುವ ಚರ್ಚೆ ಅರ್ಧ ಗಂಟೆ ನಡೆಯಿತು. ಒಳ್ಳೆಯ ಅರ್ಧ ಗಂಟೆ ಅದು.

ಅಕ್ಟೋಬರಿನಲ್ಲಿ ಅವಳು ಸಿಕ್ಕಿಬಿದ್ದಳು. ಅವಳು ಕಳಿಸಿದ್ದ ಸಂದೇಶಗಳ ಪ್ರತಿಗಳು ಜರ್ಮನ್ನರ ಕೈಗೆ ಸಿಕ್ಕವು. ಅವಳ ಹೆಸರಿನಲ್ಲಿ ಅವರೇ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. ಲಂಡನ್ನಿನವರು ನಂಬಿದರು. ಮುಂದಿನ ವರ್ಷದ ಆರಂಭದಲ್ಲಿ ವಿಮಾನದಿಂದ ಇಳಿದ ಏಜೆಂಟರು ನೇರವಾಗಿ ಶತ್ರುವಿನ ಕೈಗೆ ಬಿದ್ದರು. ನೂರ್‌ಳನ್ನು 1944ರ ಸೆಪ್ಟೆಂಬರಿನಲ್ಲಿ ಜರ್ಮನ್ನರ ಡಾಕಾವ್ ಸೆರೆ ಶಿಬಿರದಲ್ಲಿ ಕೊಂದರು. ಆಗ ಅವಳಿಗೆ 30 ವರ್ಷ. 1949ರಲ್ಲಿ ಜಾರ್ಜ್ ಕ್ರಾಸ್ ಗೌರವ ಕೊಟ್ಟರು. ಮಕ್ಕಳಿಗೆ ನಾನು ಕೇಳುವುದು ಅವಳ ಬಗ್ಗೆ ಅಲ್ಲ, ಅವಳನ್ನು ಕಳಿಸಿದ ಲಂಡನ್ನಿನ ಆಫೀಸಿನ ಬಗ್ಗೆ. ತಮ್ಮ ಹುಡುಗಿ ಬದುಕಿದ್ದಾಳೆ, ಕೆಲಸ ನಡೆಯುತ್ತಿದೆ ಎಂದು ನಂಬಲು ಅವರಿಗೆ ಆಸೆ ಇತ್ತು. ನಮ್ಮ 'ಆಷೆ' ಹುಡುಗನ ಹಾಗೆಯೇ.

ಪ್ರಶ್ನೆ: ನಾನು ನಾಪೋಕ್ಲುವಿನವನು, ಒಂಬತ್ತನೇ ತರಗತಿ, ಹಾಸ್ಟೆಲಿನಲ್ಲಿದ್ದೇನೆ. ನಾವು ಮೂವರು ಕೊಡವ ತಕ್ಕ್‌ನಲ್ಲಿ ಮಾತಾಡಿದರೆ ಬೇರೆಯವರಿಗೆ ಅರ್ಥ ಆಗೋದಿಲ್ಲ. ಇದೂ ಕೋಡ್ ಅಲ್ವಾ? ಮತ್ತೆ ಎನಿಗ್ಮಾ ಮೆಷಿನ್ ಅನ್ನು ಒಡೆದದ್ದು ಹೇಗೆ?

ಉತ್ತರ: ನಿಮ್ಮ ವಾರ್ಡನ್ ಕೊಡಗಿನವರಾಗಿದ್ದರೆ ಆ ದಿನವೇ ಮುಗಿಯಿತು ನಿಮ್ಮ ಕೋಡು! ಭಾಷೆ ಗುಟ್ಟಿನ ಲಿಪಿ ಅಲ್ಲ ಮರಿ. ಗೊತ್ತಿಲ್ಲದವರಿಗೆ ಮಾತ್ರ ಅದು ಗುಟ್ಟು.

ಅಮೆರಿಕದ ಸೈನ್ಯಕ್ಕೆ ಇದು ಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ನವಾಜೊ ಎಂಬ ಮೂಲನಿವಾಸಿ ಭಾಷೆಯನ್ನು ರೇಡಿಯೊದಲ್ಲಿ ಬಳಸಿದರು. 1942ರಲ್ಲಿ 29 ನವಾಜೊ ಯುವಕರಿಂದ ಶುರುವಾಯಿತು. ಆದರೆ ಬರೀ ಭಾಷೆ ಬಳಸಲಿಲ್ಲ. ತಮ್ಮ ಭಾಷೆಯ 'ಆಮೆ'ಯನ್ನು ಟ್ಯಾಂಕ್ ಮಾಡಿದರು, 'ಕಬ್ಬಿಣದ ಮೀನು' ಜಲಾಂತರ್ಗಾಮಿ ಆಯಿತು. ಜಪಾನೀಯರ ಸೆರೆಯಲ್ಲಿದ್ದ ಒಬ್ಬ ನವಾಜೊ ಸೈನಿಕನಿಗೆ ಆ ಸಂದೇಶ ಕೇಳಿಸಿದರೂ ಅವನಿಗೆ ತಲೆಬುಡ ಗೊತ್ತಾಗಲಿಲ್ಲ. ಪದ ಗೊತ್ತು, ಅರ್ಥ ಗೊತ್ತಿಲ್ಲ. ನೀವೂ ಹಾಗೆ ಮಾಡಿ. ಪಂದಿ (ಹಂದಿ) ಎಂದರೆ ಜೀಪು, ಕಡಂಬುಟ್ಟು (ಅಕ್ಕಿ ಉಂಡೆ) ಎಂದರೆ ಸೇತುವೆ. "ಪಂದಿಗೆ ಕಡಂಬುಟ್ಟು ಸಿಕ್ಕಿತು" ಅಂದರೆ ವಾರ್ಡನ್‌ಗೆ ಬಾಯಲ್ಲಿ ನೀರು ಬರಬಹುದೇ ಹೊರತು ಸಂಶಯ ಬರುವುದಿಲ್ಲ.

ಎನಿಗ್ಮಾಕ್ಕೆ ಬರೋಣ. ಜರ್ಮನ್ ಸೈನ್ಯ ತನ್ನ ಸಂದೇಶಗಳನ್ನು ಗುಟ್ಟಿನ ಲಿಪಿಗೆ ತಿರುಗಿಸಲು ಬಳಸುತ್ತಿದ್ದ ಯಂತ್ರ ಅದು. ಅದನ್ನು ಮೊದಲು ಒಡೆದದ್ದು ಬ್ರಿಟಿಷರಲ್ಲ, ಪೋಲೆಂಡಿನವರು. 1932ರಲ್ಲಿ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿ ದಾರಿ ಕಂಡುಕೊಂಡ. ಯುದ್ಧ ಕಾಲದಲ್ಲಿ ಬ್ರಿಟನ್ನಿನ ಗುಟ್ಟುಲಿಪಿ ಒಡೆಯುವ ಕೇಂದ್ರ ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮತ್ತು ಜೊತೆಗಾರರು ಮುಂದುವರಿಸಿದರು. ಪೂರ್ತಿ ಕಥೆ ದೊಡ್ಡದು. ನಿನಗೆ ಬೇಕಾದ ಒಂದು ತುಂಡು ಮಾತ್ರ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಮಳೆಮಾಪಕ ಇರಬಹುದು. ಬೆಳಿಗ್ಗೆ ಅಳೆದು, ನೂರು ಸೆಂಟಿಗೆ ಒಂದು ಇಂಚಿನ ಲೆಕ್ಕದಲ್ಲಿ, "ಒಂದು ಇಂಚು ನಲವತ್ತು ಸೆಂಟ್" ಅಂತ ಗ್ರೂಪಿಗೆ ಹಾಕುತ್ತಾರೆ. ದಿನಾ ಅದೇ ಹೊತ್ತು, ಅದೇ ಪದ. ಜರ್ಮನ್ನರೂ ಹವಾಮಾನ ವರದಿಯನ್ನು ಹೀಗೇ ಕಳಿಸುತ್ತಿದ್ದರು. ಎಷ್ಟೇ ಗುಟ್ಟಿನ ಲಿಪಿ ಆದರೂ ಒಳಗೆ ಎಲ್ಲೋ 'ಹವಾಮಾನ' ಅನ್ನುವ ಪದ ಇದ್ದೇ ಇರುತ್ತದೆ. ಎಲ್ಲಿ?

ಮೆಷಿನ್ನಿಗೆ ಒಂದು ದೋಷ ಇತ್ತು. ಅದು ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಬರೆಯುತ್ತಿರಲಿಲ್ಲ. ಹಾಗಾಗಿ ಊಹಿಸಿದ ಪದವನ್ನು ಸಂದೇಶದ ಕೆಳಗೆ ಇಟ್ಟು ಒಂದೊಂದೇ ಮನೆ ಜಾರಿಸುತ್ತಾ ಹೋಗುತ್ತಿದ್ದರು. ಎಲ್ಲಿ ಮೇಲೆ ಕೆಳಗೆ ಒಂದೇ ಅಕ್ಷರ ಎದುರಾಯಿತೋ, ಆ ಜಾಗ ಖಂಡಿತ ಅಲ್ಲ. ಅಡ್ಡಗೆರೆ. ಸರಿಯಾದ ಜಾಗ ಯಾವುದು ಎಂದು ಮೊದಲೇ ಗೊತ್ತಾಗುತ್ತಿರಲಿಲ್ಲ. ಆಗಲಾರದ ಜಾಗಗಳನ್ನು ಹೊಡೆದು ಹಾಕುತ್ತಾ ಹೋದರೆ ಉಳಿದವು ಕೆಲವೇ. ಆ ಉಳಿದವನ್ನು ಪರೀಕ್ಷಿಸಲು ಟ್ಯೂರಿಂಗ್ ಒಂದು ಯಂತ್ರ ರೂಪಿಸಿದ.

ನಿಮ್ಮ ಮೂವರಿಗೂ ಒಂದು ಕೆಲಸ. ಎಷ್ಟು ಮನೆ ಸರಿಸಿದ್ದೇನೆ ಎಂದು ಹೇಳೋದಿಲ್ಲ, ಮೂರಂತೂ ಅಲ್ಲ. ಎರಡು ಪದಗಳ ಬಾಲ ಒಂದೇ ಇದೆ, ಅಲ್ಲಿಂದ ಹಿಡಿಯಿರಿ. ಒಡೆದ ಮೇಲೆ ಊರಿಗೆ ಬರುವ ಬಸ್ಸು ನೋಡಿಕೊಳ್ಳಿ:

ಯುಪ್ಪಸಿಜೆ ಶಮೆಜೆ ಲಮ್ಮಿ